ಸಾಸಿವೆ ನೀರಿಗೆ ಎದ್ದ ಹುಳುಗಳು

ವಿಷ ಹೊಡೆಯದೆ ಬೆಳೆ ತೆಗೆಯಬೇಕು ಎಂಬ ಷರತ್ತಿನ ಮೇಲೆ ನಮ್ಮ ಕಚೇರಿ ಪಾರ್ಕಿನ ಇಳಿಜಾರನ್ನು ಭಾವನಿಗೆ ಗುತ್ತಿಗೆ ಕೊಟ್ಟಿತ್ತು. ಅವಧಿ ಮುಗಿಯುತ್ತ ಬಂದಿತ್ತು. ಮುಂದುವರಿಸಬಹುದೇ ಎಂದು ಮಣ್ಣು ನೋಡಿ ಹೇಳಬೇಕಾದವಳು ನಾನು. ಕಚೇರಿಯಲ್ಲಿ ಆ ಕೆಲಸ ಬಲ್ಲವಳು ನಾನೊಬ್ಬಳೇ. ಅಕ್ಕನ ಮನೆ ನಡೆಯುತ್ತಿದ್ದುದೇ ಆ ಬೆಳೆಯಿಂದ.

“ಬೆಕ್ಕನ್ನೇ ಹಾಲಿಗೆ ಕಾವಲಿಟ್ಟ ಹಾಗಿದೆ,” ಎಂದರು ನಿವೃತ್ತ ಮೇಷ್ಟ್ರು. ದಿನಾ ಅಲ್ಲಿ ವಾಕಿಂಗ್ ಬರುವವರು. ಹೊಲದಲ್ಲಿ ಈಚೆಗೆ ಕಳೆಯೂ ಇಲ್ಲ, ಹಕ್ಕಿಯೂ ಇಳಿಯುತ್ತಿಲ್ಲ ಎಂದು ದೂರು ಕೊಟ್ಟವರೇ ಅವರು. ಸಾಕ್ಷಿಗೆಂದು ಬಂದಿದ್ದರು.

“ಧಾರಾಳವಾಗಿ ನಿಲ್ಲಿ ಮೇಷ್ಟ್ರೇ, ನಿಲ್ಲೋದಕ್ಕೆ ಗುತ್ತಿಗೆ ಬೇಕಾಗಿಲ್ಲ,” ಎಂದು ಭಾವ ನಕ್ಕರು.

ಪ್ರತಿವರ್ಷ ನೋಡುವ ಜಾಗದಲ್ಲೇ, ಕಲ್ಲುಬೆಂಚಿನ ಎದುರು, ಮರದ ಚೌಕಟ್ಟು ಊರಿ ಸಾಸಿವೆ ಪುಡಿ ಕದಡಿದ ನೀರು ಹುಯ್ದೆ. ಆ ಖಾರ ತಾಳಲಾರದೆ ಎರೆಹುಳುಗಳು ಮೇಲೇಳುತ್ತವೆ. ವಿಷ ಉಂಡ ಮಣ್ಣಾದರೆ ಏಳಲು ಯಾರೂ ಇರುವುದಿಲ್ಲ.

ಎದ್ದವು. ಹಿಡಿಗಟ್ಟಲೆ.

“ಅಬ್ಬಬ್ಬಾ, ಸಂತೆಗೆ ಹೊರಟ ಹಾಗೆ ಬರ್ತಿವೆಯಲ್ಲ!” ಮೇಷ್ಟ್ರು ಬಗ್ಗಿ ನೋಡಿದರು. “ತಪ್ಪಾಯ್ತಪ್ಪ, ನನ್ನ ದೂರು ವಾಪಸ್.”

“ಇನ್ನೇನು, ಸಹಿ ಹಾಕಿಬಿಡು ಪುಟ್ಟಿ,” ಎಂದರು ಭಾವ.

ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡೆ. ಸಣಕಲು, ಕೆಂಪು, ಮೈತುಂಬ ಹಳದಿ ಪಟ್ಟೆ. ಇಂಥವು ಇರುವುದು ಗೊಬ್ಬರದ ಗುಂಡಿಯಲ್ಲಿ, ಕೊಳೆತ ಎಲೆಯ ನಡುವೆ. ಹೊಲದ ಹುಳು ಬೂದು ಬಣ್ಣದ್ದು. ತಾನಿರುವ ಕಡೆ ನೆಲದ ಮೇಲೆ ಮಣ್ಣಿನ ಸಣ್ಣ ಹಿಕ್ಕೆ ಬಿಟ್ಟಿರುತ್ತದೆ. ಇಲ್ಲಿ ಒಂದೂ ಇರಲಿಲ್ಲ. ಮಣ್ಣು ಮಾತ್ರ ಈಚೆಗೆ ಯಾರೋ ಕೆದಕಿ ಸವರಿದಂತೆ ಸಡಿಲವಾಗಿತ್ತು.

ನಿನ್ನೆ ಅಕ್ಕ ಫೋನಿನಲ್ಲಿ ಕೇಳಿದ್ದು ನೆನಪಾಯಿತು. “ಈ ಸಲಾನೂ ಆ ಬೆಂಚಿನ ಎದುರೇ ನೋಡ್ತೀಯೇನೇ?” ಸುಮ್ಮನೆ ಮಾತಿಗೆ ಕೇಳಿದಳು ಅಂದುಕೊಂಡಿದ್ದೆ.

ಸಹಿ ಹಾಕಿದರೆ ಕೇಳುವವರಿರಲಿಲ್ಲ. ಮೇಷ್ಟ್ರೇ ಒಪ್ಪಿಯಾಗಿತ್ತು. ಚೌಕಟ್ಟನ್ನು ಕಿತ್ತುಕೊಂಡು ಹೊಲದ ನಡುವಿಗೆ ನಡೆದೆ.

“ಸಾಕು ಬಿಡಮ್ಮ, ಎಷ್ಟು ಸಲ ನೋಡ್ತೀಯ!” ಮೇಷ್ಟ್ರು ಬೆಂಚಿನಿಂದಲೇ ಕೂಗಿದರು.

“ಕದಡಿದ ನೀರು ಉಳಿದಿದೆ ಮೇಷ್ಟ್ರೇ, ಸುಮ್ಮನೆ ಯಾಕೆ ಚೆಲ್ಲೋದು?”

ನೀರು ಹುಯ್ದೆ. ಇಂಗಿತು. ಮತ್ತೆ ಹುಯ್ದು ಕಾದೆ. ಚೌಕಟ್ಟಿನೊಳಗೆ ಹಳದಿ ನೊರೆ ಬಿಟ್ಟರೆ ಏನೂ ಕಾಣಲಿಲ್ಲ.

ಭಾವ ನಿಧಾನವಾಗಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಮೇಷ್ಟ್ರಿಗೆ ಕೇಳದ ದನಿಯಲ್ಲಿ, “ಪುಟ್ಟಿ, ನಿಮ್ಮಕ್ಕನಿಗೆ ಇದೇನೂ ಗೊತ್ತಿಲ್ಲ,” ಎಂದರು.

ಅಕ್ಕನ ಮಾತನ್ನು ನಾನು ಎತ್ತಿರಲೇ ಇಲ್ಲ.

ಎದ್ದು ನಿಂತೆ. “ಮೇಷ್ಟ್ರೇ, ಸ್ವಲ್ಪ ಇಲ್ಲಿ ಬಂದು ನೋಡಿ,” ಎಂದು ಕರೆದೆ.