ಕಟ್ಟಿದ ಮೂಗಿಗೆ ಕುಬುಸ

ರೂಪಶ್ರೀಯ ಮೂಗಿನ ವಿಷಯದಲ್ಲಿ ಮನೆಯವರೆಲ್ಲ ಮೂಗು ತೂರಿಸಿದ್ದರು; ತೂರಲಾಗದೆ ಹೊರಗುಳಿದದ್ದು ಗಾಳಿಯೊಂದೇ.

ಐದನೇ ತಿಂಗಳಲ್ಲಿ ಕಟ್ಟಿದ ಮೂಗು ಏಳು ತುಂಬುತ್ತ ಬಂದರೂ ಬಿಟ್ಟಿರಲಿಲ್ಲ. ಹೊನ್ನಾಳಿಯ ಡಾಕ್ಟರಮ್ಮ ಬಿಡಿಸಿಯೇ ಹೇಳಿದ್ದರು: "ಇದು ಶೀತ ಅಲ್ಲಮ್ಮ. ಬಸಿರಲ್ಲಿ ಕೆಲವರಿಗೆ ಮೂಗಿನ ಒಳಗೆ ಊದಿಕೊಳ್ಳುತ್ತೆ, ಹೆರಿಗೆ ಆದ್ಮೇಲೆ ತಾನಾಗೇ ಹೋಗುತ್ತೆ. ಉಪ್ಪುನೀರಿನ ಹನಿ ಹಾಕ್ಕೋ. ತಲೆ ಎತ್ತರ ಇಟ್ಕೊಂಡು ಮಲಗು. ಧೂಳು, ಹೊಗೆ ಬೇಡ."

ನ್ಯಾಮತಿಯಲ್ಲಿ ಬಸ್ಸಿಳಿಯುವಷ್ಟರಲ್ಲಿ ಅತ್ತೆ ಶಂಕ್ರಮ್ಮ ಆ ಮಾತನ್ನು ತಿದ್ದಿಯಾಗಿತ್ತು. "ಬಸಿರಿಗೂ ಮೂಗಿಗೂ ಏನ್ ಸಂಬಂಧ ಐತೆ? ಕೂಸು ಬೆಳೆಯಾದು ಹೊಟ್ಟ್ಯಾಗೆ, ಮೂಗಿನಾಗಲ್ಲ. ಮೊಸರು ಉಂಡು ಉಂಡು ಶೀತ ಮಾಡ್ಕಂಡಾಳೆ." ಅಂದಿನಿಂದ ಮೊಸರು ಹೋಯಿತು, ಬಾಳೆಹಣ್ಣು ಹೋಯಿತು. ಬಂದದ್ದು ಅರಿಶಿನದ ಕೊಂಬು ಸುಟ್ಟ ಹೊಗೆ, ದಿನಾ ಬೆಳಿಗ್ಗೆ, ಮೂಗಿನ ನೇರಕ್ಕೆ.

ಮೂಗು ಕಟ್ಟಿದ ಮೇಲೆ ಗೊರಕೆ ಶುರುವಾಯಿತು. ಗಂಡ ರೇಣುಕಪ್ರಸಾದ್‌ಗೆ ಬಸ್‌ಸ್ಟ್ಯಾಂಡಿನ ಪಕ್ಕ ಮೊಬೈಲ್ ಅಂಗಡಿ. ಅವನ ನಿದ್ದೆ ಕೆಟ್ಟರೆ ವ್ಯಾಪಾರ ಕೆಡುತ್ತದೆ. "ಕೂಸು ಹುಟ್ಟೋ ತನ್ಕ ಅಷ್ಟೇ ಕಣೇ" ಎಂದ. ಅವಳ ಹಾಸಿಗೆ ಮೆಕ್ಕೆಜೋಳದ ಚೀಲ ಒಟ್ಟಿದ ಕೋಣೆಗೆ ಹೋಯಿತು. ಹೊಗೆ ಬೆಳಿಗ್ಗೆಯ ಪಾಳಿ, ಧೂಳು ರಾತ್ರಿ ಪಾಳಿ. ಮಲಗಿದರೆ ಉಸಿರಿಲ್ಲ, ಕೂತರೆ ನಿದ್ದೆಯಿಲ್ಲ.

ಹಾಗೆ ನೋಡಿದರೆ ಅವಳು ಅವನನ್ನು ಒಪ್ಪಿದ್ದೇ ಅವನ ಬಾಯಿಗೆ. ಹೆಣ್ಣು ನೋಡಲು ಬಂದ ದಿನ ಜಗಳೂರು ಬಸ್ಸಿನ ಕಂಡಕ್ಟರು, ಬಸ್ಸಿನ ಹಾರ್ನು, ಹಾರ್ನಿಗೆ ಬೆದರಿದ ಎಮ್ಮೆ, ಮೂರನ್ನೂ ಒಂದೇ ಉಸಿರಿಗೆ ಮಾಡಿ ತೋರಿಸಿದ್ದ. ಅವಳು ನಕ್ಕು ನಕ್ಕು ಕಾಫಿ ಚೆಲ್ಲಿದ್ದಳು. ಈಗ ಎಮ್ಮೆಯ ನಂತರ ಹೊಸದೊಂದು ಐಟಂ ಸೇರಿತ್ತು: ರೂಪಶ್ರೀಯ ಗೊರಕೆ.

ಅವಳ ಆಸೆಯೆಲ್ಲ ಏಳನೇ ತಿಂಗಳ ಕುಬುಸದ ಶಾಸ್ತ್ರದ ಮೇಲಿತ್ತು. ಅವತ್ತು ಜಗಳೂರಿನಿಂದ ತವರಿನವರು ಹಸಿರು ಸೀರೆ, ಕುಬುಸ, ಬಳೆ ತರುತ್ತಾರೆ. ಉಡಿ ತುಂಬಿ, ಊಟ ಮಾಡಿ, ಮಗಳನ್ನು ಕರೆದೊಯ್ಯುತ್ತಾರೆ. ಅತ್ತೆಯೂ ಹೂಂ ಎಂದಿದ್ದರು. ಸೋಮವಾರ ಕಳೆದರೆ ಎಂಟನೇ ತಿಂಗಳು. ಎಂಟರಲ್ಲಿ ಬಸುರಿ ಹೊಳೆ ದಾಟಬಾರದು, ನಡುವೆ ಹೊನ್ನಾಳಿ ಸೇತುವೆ ಇದೆ. ಇವತ್ತೇ ಆ ಕುಬುಸ; ತವರಿನ ಗಾಡಿ ಹತ್ತಿದರೆ ಹತ್ತಿದಳು. ಇಲ್ಲವೇ ಒಂಬತ್ತು ಬೀಳುವವರೆಗೆ ಜೋಳದ ಚೀಲವೇ ಗತಿ. ಬ್ಯಾಗು ಬಾಗಿಲ ಹಿಂದೆ ಸಿದ್ಧವಾಗಿತ್ತು.

ಉಡಿ ತುಂಬಿದ ಮೇಲೆ ಪಕ್ಕದ ಮನೆಯ ಕೆಂಪಕ್ಕ ಪಟ್ಟು ಹಿಡಿದಳು. "ಒಡಪು ಹಾಕಿ ಗಂಡನ ಹೆಸ್ರು ಹೇಳೇ ಹುಡುಗಿ. ಸುಮ್ನೆ ಬಿಡಾಕಿಲ್ಲ."

ರೂಪಶ್ರೀ ಬಾಯಿಂದ ಒಂದು ಉಸಿರೆಳೆದುಕೊಂಡಳು.

"ಹೊನ್ನಾಳಿ ಹೊಳೆಗೆ ಸೇತುವೆ ಚೆಂದ,
ಜೋಳದ ಚೀಲಕ್ಕೆ ಧೂಳು ಚೆಂದ,
ಧೂಳಾಗೆ ನಾನು, ಫ್ಯಾನಿನ ಕೆಳಗೆ ರೇಣುಕಪ್ರಸಾದ್ ಚೆಂದ."

ಹಜಾರ ಬಿದ್ದು ಬಿದ್ದು ನಕ್ಕಿತು. ಗಂಡ ಎದ್ದು ನಿಂತು, ಅದೇ ಒಡಪನ್ನು ಅವಳದೇ ಕಟ್ಟಿದ ದನಿಯಲ್ಲಿ ಹೇಳಿ, ಕೊನೆಗೊಂದು ಗೊರಕೆ ಸೇರಿಸಿದ. ನಗು ಎರಡರಷ್ಟಾಯಿತು. ಅವಳ ಅವ್ವ ನೇತ್ರಾವತಿಯೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ಪ್ರಾಸ ಕೂಡಿತೆಂದರೆ ಜನ ಚಪ್ಪಾಳೆ ತಟ್ಟುತ್ತಾರೆಯೇ ಹೊರತು ಚಾಪೆ ಎತ್ತಿ ಅಡಿಯ ಧೂಳು ನೋಡುವುದಿಲ್ಲ.

ಇನ್ನುಳಿದದ್ದು ಹಿರಿಯರ ಕಾಲಿಗೆ ಬೀಳುವುದು. ಒಬ್ಬೊಬ್ಬರಿಗೂ ಬಗ್ಗಬೇಕು, ಏಳಬೇಕು. ಬಗ್ಗಿದಾಗಲೆಲ್ಲ ತಲೆಯ ಭಾರವೆಲ್ಲ ಮೂಗಿಗೆ ಇಳಿಯುತ್ತಿತ್ತು. ಅತ್ತೆಯ ಪಾದ ಮುಟ್ಟುವಾಗ ಹಸಿರು ಸೀರೆಯ ಮೇಲೆ ಕೆಂಪು ಹನಿ ಬಿತ್ತು. ಆಮೇಲೆ ಇನ್ನೊಂದು.

"ಅಯ್ಯೋ, ರಕ್ತ!" ಎಂದಳು ಕೆಂಪಕ್ಕ. ಯಾರೋ ಅವಳ ತಲೆಯನ್ನು ಹಿಂದಕ್ಕೆ ಬಗ್ಗಿಸಿದರು, ಯಾರೋ ಈರುಳ್ಳಿ ಹೆಚ್ಚಿ ಮೂಸಿಸಲು ಬಂದರು. ರೂಪಶ್ರೀ ಕೈಗಳನ್ನು ತಳ್ಳಿ, ಮುಂದಕ್ಕೆ ಬಾಗಿ, ಡಾಕ್ಟರಮ್ಮ ಕಲಿಸಿದ್ದಂತೆ ಮೂಗನ್ನು ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು. ಆದರೆ ಶಂಕ್ರಮ್ಮನ ಮಾತು ಶುರುವಾಗಿತ್ತು.

"ಕುಬುಸದ ಸೀರೆ ಮ್ಯಾಲೆ ರಕ್ತ ಬಿದ್ದೈತೆ. ಇಂಥ ದಿನ ಹೊಳೆ ದಾಟಿಸ್ತಾರಾ? ಒಂಬತ್ತಕ್ಕೆ ಬಂದು ಕರ್ಕಂಡು ಹೋಗ್ರಿ ಬೀಗತಿ."

"ಇದು ಮಾಮೂಲು ಅಂದಾರೆ ಡಾಕ್ಟ್ರು! ಧೂಳಿಗೇ ಹಿಂಗಾಗೋದು. ನಾನು ಹೋಗ್ತೀನಿ ಅತ್ತೆ."

"ನಾನು ಹೋಗ್ತೀನಿ ಅತ್ತೇ..." ರೇಣುಕಪ್ರಸಾದ್ ಅದೇ ಮೂಗಿನಲ್ಲಿ ಎಳೆದ. ಗಾಬರಿಯಾಗಿದ್ದವರಿಗೆಲ್ಲ ನಗಲು ಒಂದು ನೆವ ಸಿಕ್ಕಿತು.

ಅವಳು ಅವ್ವನ ಮುಖ ನೋಡಿದಳು. ನೇತ್ರಾವತಿ ಮಗಳ ಕೈ ಹಿಡಿದು ಜೋಳದ ಕೋಣೆಗೆ ಕರೆದುಕೊಂಡು ಹೋದಳು. ಚೀಲಗಳ ಸಂದಿಯಲ್ಲಿ ಹಾಸಿಗೆ ಕಂಡು ಒಂದು ಗಳಿಗೆ ನಿಂತಳು. ಒಡಪು ಈಗ ಅರ್ಥವಾಗಿರಬೇಕು.

"ನಿನ್ನ ಹೊತ್ತಾಗ ನಂಗೂ ಹಿಂಗೇ ಮೂಗು ಕಟ್ಟಿತ್ತು ಕಣೇ. ಹೆತ್ತ ಮ್ಯಾಲೆ ಹೋತು."

"ಹಂಗಂತ ಅವ್ರ ಮುಂದೆ ಹೇಳವ್ವ!"

"ಹೆಂಗೆ ಹೇಳಾಕಾಗ್ತೈತೆ? ಬೀಗರ ಮನಿ. ನಾಳೆ ಕೂಸಿಗೆ ಏನಾರ ಆದ್ರೆ, ನೀವೇ ಹೊಳೆ ದಾಟಿಸಿದ್ರಿ ಅಂತಾರೆ." ಅವ್ವ ಹಾಸಿಗೆಯ ಧೂಳನ್ನು ಸೆರಗಿನಿಂದ ಒರೆಸಿದಳು. "ಒಂದೇ ತಿಂಗಳು, ತಡ್ಕಾ."

ತವರಿನ ಟೆಂಪೋ ಖಾಲಿ ಬುಟ್ಟಿಗಳನ್ನು ಹೊತ್ತು ಹೊರಟಿತು. ಮುಂದಿನ ಸೀಟಿನಲ್ಲಿ ಅವಳಿಗೆಂದು ಇಟ್ಟಿದ್ದ ದಿಂಬು ಹಾಗೇ ಇತ್ತು. ಅದು ಅವಳಿಗೆ ನೆನಪಾಗುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ರೂಪಶ್ರೀ ಜೋಳದ ಕೋಣೆಯಲ್ಲಿ ಸಣ್ಣ ಚೀಲವೊಂದಕ್ಕೆ ತಲೆಯಾನಿಸಿ, ಬಾಯಿ ತೆರೆದು ಕೂತಳು. ಹಜಾರದಲ್ಲಿ ಊಟ ಮುಗಿಸಿ ಅಡ್ಡಾದವರು ಕೇಳುತ್ತಿದ್ದರು: "ಪ್ರಸಾದಣ್ಣ, ಇನ್ನೊಂದ್ಸಲ ಮಾಡ್ರಿ!"

ಗೊರಕೆ ಶುರುವಾಯಿತು. ಮೊದಲು ಸಣ್ಣಗೆ ಸೀಟಿ, ಆಮೇಲೆ ಗರಗಸ, ನಡುವೆ ಉಸಿರು ಸಿಕ್ಕಿಕೊಂಡು ಒದ್ದಾಡುವುದು. ಅದನ್ನಂತೂ ಅವನು ಒಂಚೂರೂ ತಪ್ಪದೆ ಮಾಡುತ್ತಿದ್ದ. ಅಷ್ಟು ಚೆನ್ನಾಗಿ ಮಾಡಬೇಕಾದರೆ ಎಷ್ಟು ರಾತ್ರಿ ಎಚ್ಚರವಿದ್ದು ಕಿವಿಗೊಟ್ಟು ಕೇಳಿರಬೇಕು.

ಕೇಳಿದ್ದ. ಎದ್ದು ಬಂದು ಈ ಕೋಣೆಯ ಬಾಗಿಲು ತೆಗೆದಿರಲಿಲ್ಲ, ಅಷ್ಟೇ.