ಮುಂದಕ್ಕೆ ರಿಬ್ಬು, ಹಿಂದಕ್ಕೆ ಲಗ್ಗು

ಹೊಸ್ತಿಲಿನಿಂದ ಅಂಗಳಕ್ಕೆ ಧುಮುಕಿದ ಲಾರಿ ಎರಡು ಗೇಣು ಹೋಗಿ ನಿಂತುಬಿಟ್ಟಿತು. ಹಿಂದಿನ ಚಕ್ರಗಳು ಗಿರ್ರೆಂದು ತಿರುಗುತ್ತಿದ್ದವು, ಗರಸು ಮಣ್ಣು ಹಾರುತ್ತಿತ್ತು, ಗಾಡಿ ಮಾತ್ರ ಇದ್ದಲ್ಲೇ ಹೂತುಕೊಳ್ಳುತ್ತಿತ್ತು.

"ಥೂ, ನಿನ್ ಮನೆ ಹಾಳಾಗ!" ಎಂದ ಅಬ್ದುಲ್ ಮಜೀದ್, ಬಾಗಿಲೊಳಗೆ ಕುರ್ಚಿಯಲ್ಲಿ ಕೂತು ರಿಮೋಟಿನ ಕಡ್ಡಿ ಒತ್ತುತ್ತಾ. "ಲೇ ಖತೀಜಾ, ಎತ್ಕೊಂಡ್ ಬಾ ಅದನ್ನ."

ಮನೆಮಾತು ದಖನಿಯಾದರೂ ಬೈಯುವುದಕ್ಕೆ ಅವನಿಗೆ ಕನ್ನಡವೇ ಆಗಬೇಕು. ಇಪ್ಪತ್ತು ವರ್ಷ ಲಾರಿ ಓಡಿಸಿ ಬಂದ ಅಭ್ಯಾಸ. ಖತೀಜಾಬಿಯೂ ಕನ್ನಡದಲ್ಲೇ ತಿರುಗಿ ಕೊಡುವುದನ್ನು ಕಲಿತಿದ್ದಳು.

"ನಂಗ್ ಒಲೆ ಮೇಲೆ ಅನ್ನ ಐತೆ. ನಿಮ್ ಲಾರಿ, ನೀವೇ ಎತ್ಕೊಳ್ಳಿ."

ಅವನು ಏಳಲಿಲ್ಲ. ಕೊನೆಗೆ ಅವಳೇ ಬಂದು ಎತ್ತಿಕೊಟ್ಟಳು.

ಮೊಳದುದ್ದದ ಆ ಕೆಂಪು ಲಾರಿಯನ್ನು ಖತೀಜಾಬಿಯ ತಮ್ಮ ಮಹಬೂಬ್ ಸೌದಿಯಿಂದ ರಜೆಗೆ ಬಂದಾಗ ತಂದಿದ್ದ. ಕಲ್ಲು ಮಣ್ಣಿನ ಮೇಲೂ ಹೋಗುತ್ತದೆ ಎಂದು ಡಬ್ಬದ ಮೇಲೆ ಚಿತ್ರವಿತ್ತು. ತಂತಿಯಿಲ್ಲ, ಹಗ್ಗವಿಲ್ಲ, ಕೈಯಲ್ಲೊಂದು ಏರಿಯಲ್ ಇರುವ ಪೆಟ್ಟಿಗೆ, ಅದರಲ್ಲಿ ಎರಡು ಕಡ್ಡಿ. "ನಾನೇನ್ ಹಾಲ್ ಕುಡಿಯೋ ಮಗೂನಾ?" ಎಂದು ಮಜೀದ್ ಅದನ್ನು ಮಂಚದ ಕೆಳಗೆ ತಳ್ಳಿದ್ದ. ಮಹಬೂಬ್ ಸೌದಿಗೆ ವಾಪಸಾದ ಮೇಲೆ ಒಂದು ಮಧ್ಯಾಹ್ನ ಖತೀಜಾಬಿ ನಲ್ಲಿಯಿಂದ ನೀರು ಹೊತ್ತು ಬಂದಾಗ ನಡುಮನೆಯಲ್ಲಿ ಲಾರಿ ಓಡುತ್ತಿತ್ತು. ಅವಳು ನೋಡಿಯೂ ನೋಡದವಳಂತೆ ಅಡುಗೆಮನೆಗೆ ಹೋಗಿ, ಕೊಡ ಇಳಿಸದೆ ಹಾಗೇ ನಿಂತಿದ್ದಳು.

ಯಾಕೆಂದರೆ ಹೋದ ವರ್ಷ ತರೀಕೆರೆಯ ಆಚೆ ತಿರುವಿನಲ್ಲಿ ತೆಂಗಿನಕಾಯಿ ಲೋಡು ಮಗುಚಿ ಬಲಗಾಲು ತೊಡೆಯವರೆಗೆ ಹೋದ ಮೇಲೆ ಮಜೀದನಿಗೆ ಯಾವುದರ ಮೇಲೂ ಆಸೆ ಉಳಿದಿರಲಿಲ್ಲ. ಗೋಡೆ ಹಿಡಿದು ಹಿತ್ತಲಿಗೆ ಹೋಗಿಬರುವುದು ಬಿಟ್ಟರೆ ಅವನು ಬೀದಿ ಬಾಗಿಲು ದಾಟಿರಲಿಲ್ಲ. ಶುಕ್ರವಾರದ ನಮಾಜಿಗೂ ಹೋಗಲಿಲ್ಲ, ತಂಗಿಯ ಮಗಳು ಗುಲ್ಷನ್ ಮದುವೆಗೂ ಹೋಗಲಿಲ್ಲ. "ಕುಂಟ ಬಂದ ಅನ್ನಿಸ್ಕೊಳ್ಳೋಕೆ ಹೋಗ್ಲಾ?" ಎಂದು ತಟ್ಟೆ ಎಸೆದಿದ್ದ. ಆಸ್ಪತ್ರೆಯಲ್ಲಿ ಕೊಟ್ಟ ಹಳೇ ಊರುಗೋಲುಗಳ ಮೇಲೆ ಒದ್ದೆ ಟವಲುಗಳು ಒಣಗುತ್ತಿದ್ದವು.

ಈಗ ಅವನಿಗೆ ಹಗಲಿಡೀ ಕೆಲಸ. ಲಾರಿಯ ಮೂತಿ ಕುಸಿಯುತ್ತದೆಂದು ಪೆನ್ನಿನ ಸ್ಪ್ರಿಂಗು ಬಿಚ್ಚಿ ಮುಂದಕ್ಕೆ ಕೂರಿಸಿದ. ಖಾಲಿ ಗಾಡಿ ಕುಣಿಯುತ್ತದೆಂದು ಹಿಂದೆ ಬೆಣಚುಕಲ್ಲು ತುಂಬಿದ. ಉಳಿದದ್ದು ಟೈರು. ಬಂದಿದ್ದು ನುಣ್ಣನೆಯ ರಬ್ಬರು, ಗರಸಿನಲ್ಲಿ ಹಿಡಿತವೇ ಇಲ್ಲ.

"ಅಂಗಡೀಲಿ ಹಳೇ ರಬ್ಬರು ಸಿಗುತ್ತೆ, ನೋಡ್ಕೊಂಡ್ ಬಾ" ಎಂದು ಹೆಂಡತಿಯನ್ನು ಕಳಿಸಿದ. ಅವಳು ಹವಾಯಿ ಚಪ್ಪಲಿಯ ಅಟ್ಟೆ ತಂದಳು. ಕೂಗಾಡಿ ಮತ್ತೆ ಕಳಿಸಿದ. ಸೈಕಲ್ ಟ್ಯೂಬು ತಂದಳು.

"ಟ್ಯೂಬು! ಲಾರಿ ಡ್ರೈವರ್ ಹೆಂಡ್ತಿ ಕಣೇ ನೀನು! ಮುಂದಕ್ಕೆ ರಿಬ್ಬು, ಉದ್ದಕ್ಕೆ ಗೆರೆ ಇರೋದು, ತಿರುಗ್ಸೋಕೆ. ಹಿಂದಕ್ಕೆ ಲಗ್ಗು, ಅಡ್ಡಡ್ಡ ಹಲ್ಲಿರೋದು, ಮಣ್ಣು ಕಚ್ಚೋಕೆ. ಎಮ್ಮೆಗೆ ಹೇಳಿದ್ರೂ ತಿಳ್ಕೊಳ್ತಿತ್ತು."

"ಹಂಗಾದ್ರೆ ಎಮ್ಮೇನೇ ಕಳಿಸಿ" ಎಂದು ಖತೀಜಾಬಿ ಟ್ಯೂಬನ್ನು ಅವನ ಮಡಿಲಿಗೆ ಎಸೆದಳು. "ನಂಗ್ ಇದೆಲ್ಲ ತಿಳಿಯಲ್ಲ. ಕಡೂರಲ್ಲಿ ನಿಮ್ ಕರಿಸಿದ್ದಪ್ಪ ಅವ್ನೆ, ಟೈರ್ ರೀಟ್ರೆಡ್ ಮಾಡೋನು, ಸವೆದ ಟೈರಿಗೆ ಹೊಸ ರಬ್ಬರ್ ಕೂರ್ಸೋನು. ಬೇಕಾದ್ರೆ ಹೋಗಿ ಆರ್ಸ್ಕೊಳ್ಳಿ. ಬೇಡ್ದಿದ್ರೆ ಬಿಡಿ."

ಮಜೀದ್ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ರಿಮೋಟು ಮುಟ್ಟಲಿಲ್ಲ. ಲಾರಿಯನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಹಿಂದಿನ ಚಕ್ರ ತಿರುಗಿಸುತ್ತಾ ಅಂಗಳ ನೋಡುತ್ತಿದ್ದ. ಅದರಾಚೆ ಗೇಟು, ಗೇಟಿನಾಚೆ ಸ್ಟೇಷನ್ನಿಗೆ ಹೋಗುವ ಮಣ್ಣಿನ ರಸ್ತೆ.

ಮೂರನೆಯ ಬೆಳಿಗ್ಗೆ ಒಂದೇ ಮಾತು ಅಂದ: "ಆ ಟವಲ್ ತೆಗಿ."

ಅಜ್ಜಂಪುರದಲ್ಲಿ ಬಸ್ಸು ಹತ್ತುವಾಗ ಜನ ನೋಡಿದರು. ನೋಡಿ ಜಾಗ ಬಿಟ್ಟರು, ಅಷ್ಟೇ. ಮಜೀದ್ ಕಿಟಕಿ ಪಕ್ಕ ಕೂತು ಮುಂದಿನ ಸೀಟಿನ ಕಂಬಿ ಹಿಡಿದ. ಡ್ರೈವರು ಗೇರು ಬದಲಿಸಿದಾಗಲೆಲ್ಲ ಅವನ ಎಡಗಾಲು ಕ್ಲಚ್ಚು ಒತ್ತುತ್ತಿತ್ತು. ಬೀರೂರಿನ ತಿರುವು ಬಂದಾಗ ಇಲ್ಲದ ಬಲಗಾಲು ಬ್ರೇಕಿಗಾಗಿ ಹುಡುಕಿತು. ಹಣೆಯಲ್ಲಿ ಬೆವರು ಬಂತು. ಖತೀಜಾಬಿ ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಮೇಲೆ ಕೈಯಿಟ್ಟಳು. ಕಡೂರು ಬರುವವರೆಗೂ ತೆಗೆಯಲಿಲ್ಲ.

ಬಸ್ಟ್ಯಾಂಡಿನಲ್ಲಿ ಯಾರೋ ಎಳನೀರು ಚೆಲ್ಲಿದ್ದರು. ಇಳಿದು ಹೆಜ್ಜೆಯಿಟ್ಟದ್ದೇ ಊರುಗೋಲು ಜಾರಿತು. ಅವಳು ತಬ್ಬಿ ಹಿಡಿದಳು.

"ಬಿಡೇ! ನಾನೇ ನಿಲ್ತೀನಿ!" ಎಂದು ನಡುಬೀದಿಯಲ್ಲೇ ಗದರಿದ. ಅವಳು ಬಿಡಲಿಲ್ಲ.

ಟೈರಿನ ಅಂಗಡಿಯ ಮುಂದಿದ್ದ ಕರಿಸಿದ್ದಪ್ಪ ದೂರದಿಂದಲೇ ನೋಡಿ, ಕೈಯಲ್ಲಿದ್ದ ಟೈರು ಕೆಳಗಿಟ್ಟು, ಕಣ್ಣು ಉಜ್ಜಿಕೊಂಡು, ಎದುರು ಬಂದಾಗ ಮಾತ್ರ ನಗುತ್ತಾ ಬಂದ. ಖತೀಜಾಬಿಯ ಚೀಲದಿಂದ ಕೆಂಪು ಲಾರಿ ಹೊರಬಂತು.

"ಏನಪ್ಪಾ ಮಜೀದ, ಹೊಸ ಗಾಡೀನಾ? ಎಷ್ಟ್ ಟನ್ ಪಾಸಿಂಗು?"

"ನಿನ್ನಂಥ ಹತ್ತು ಹೆಣ ಹೊರುತ್ತೆ. ನಗಬ್ಯಾಡ. ಹಿಂದಕ್ಕೆ ಟ್ರ್ಯಾಕ್ಟರ್ ರಬ್ಬರ್ ಹಾಕು, ದಪ್ಪನಾಗಿ."

"ದಪ್ಪ ಹಾಕಿದ್ರೆ ನಿನ್ ಮೋಟ್ರು ಸುಟ್ಟೋಗುತ್ತೆ ಕಣೋ."

"ನಂಗ್ ಹೇಳ್ಕೊಡ್ತೀಯೇನ್ಲೇ ಟೈರಿನ ವಿಷ್ಯ?"

ಇಬ್ಬರೂ ಸರಿಯಾಗಿ ಜಗಳಕ್ಕೆ ಬಿದ್ದರು. ಕರಿಸಿದ್ದಪ್ಪ ಲೂನಾದ ಟೈರು ಅಂದರೆ ಇವನು ಬೇಡ ಅಂದ, ಇವನು ಜೀಪಿನದು ಅಂದರೆ ಅವನು ಹಣೆ ಚಚ್ಚಿಕೊಂಡ. ಕರಿಸಿದ್ದಪ್ಪ ಒಂದು ತುಂಡು ಟ್ರ್ಯಾಕ್ಟರ್ ರಬ್ಬರನ್ನು ಚಕ್ರಕ್ಕೆ ಸುತ್ತಿ ತೋರಿಸಿದ. ಮೋಟರು ಗೊಂಯ್ ಎಂದು ನರಳಿತು, ಚಕ್ರ ಅಲ್ಲಾಡಲಿಲ್ಲ. ಮಜೀದನ ಮುಖ ಸಣ್ಣದಾಯಿತು.

ಅಷ್ಟರಲ್ಲಿ ರಬ್ಬರಿನ ರಾಶಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ ಖತೀಜಾಬಿ ಒಂದು ಸ್ಕೂಟರ್ ಟೈರಿನ ತುಂಡು ಎತ್ತಿದಳು. ಬಗ್ಗಿಸಿ ನೋಡಿದಳು. ಉಗುರಿನಿಂದ ಹಲ್ಲು ಕೆರೆದಳು.

"ಇದು ಹಿಂದಕ್ಕೆ. ಅಡೀಲಿ ಕೆತ್ತಿ ತೆಳ್ಳಗೆ ಮಾಡಿ, ಹಲ್ಲು ಹಂಗೇ ಇರ್ಲಿ. ಮುಂದಕ್ಕೆ ಸೈಕಲ್ ಟೈರಿನ ನಡುಮಧ್ಯದ ಗೆರೆ ಸಾಕು."

ಕರಿಸಿದ್ದಪ್ಪ ತುಂಡು ಕೈಗೆ ತಗೊಂಡು ತಲೆ ಆಡಿಸಿದ. ಮಜೀದ್ ಹೆಂಡತಿಯನ್ನೇ ನೋಡಿದ.

"ನಿಂಗ್ ಯಾರ್ ಹೇಳಿದ್ದು ಇದನ್ನ?"

"ಇಪ್ಪತ್ತು ವರ್ಷ ಊಟಕ್ಕೆ ಕೂತ್ರೆ ನೀವ್ ಬೇರೇನ್ ಮಾತಾಡಿದೀರಾ?"

"ಮತ್ತೆ ಚಪ್ಪಲಿ ರಬ್ಬರ್ ಯಾಕ್ ತಂದೆ?"

ಖತೀಜಾಬಿ ಸೆರಗು ಸರಿಮಾಡಿಕೊಂಡಳು. ಗೋಡೆಗೆ ಒರಗಿಸಿದ್ದ ಊರುಗೋಲುಗಳನ್ನು ತಂದು ಕರಿಸಿದ್ದಪ್ಪನ ಬೆಂಚಿನ ಮೇಲೆ, ಲಾರಿಯ ಪಕ್ಕದಲ್ಲಿ ಇಟ್ಟಳು.

"ಇದ್ರ ರಬ್ಬರೂ ನುಣ್ಣಗಾಗೈತೆ ಅಣ್ಣ. ಇದಕ್ಕೂ ಲಗ್ಗೇ ಹಾಕಿ."

ಮಜೀದ್ ಊರುಗೋಲಿನ ಸವೆದ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ರಬ್ಬರ್ ಅಂಟಿಸುವ ಸೊಲ್ಯೂಷನ್ನಿನ ಘಾಟು ವಾಸನೆಯಲ್ಲಿ ಸ್ಟೂಲಿನ ಮೇಲೆ ಕೂತು, ಕರಿಸಿದ್ದಪ್ಪನ ಚಾಕು ರಬ್ಬರನ್ನು ಕೆತ್ತುವುದನ್ನು ನೋಡುತ್ತಿದ್ದ. ತುಂಡು ಚಕ್ರದ ಮೇಲೆ ಕೂತಾಗ, "ಅಂಚು ಒತ್ತಿ ಹಿಡಿಯೋ, ಬಿಟ್ಕೊಂಡುಬಿಡುತ್ತೆ" ಎಂದ, ಮೆಲ್ಲಗೆ.

ಮಾರನೆಯ ಬೆಳಿಗ್ಗೆ ಲಾರಿ ಅಂಗಳದ ಗರಸು ದಾಟಿತು, ಗೇಟಿನ ಹತ್ತಿರದ ಮಣ್ಣುಗುಡ್ಡೆ ಹತ್ತಿ ಇಳಿಯಿತು, ರಸ್ತೆಗೆ ಹೋಗಿ ಥಟ್ಟನೆ ನಿಂತಿತು. ಅಷ್ಟು ದೂರಕ್ಕೆ ರಿಮೋಟು ಎಟುಕುತ್ತಿರಲಿಲ್ಲ. ಹಿಂದೆಯೇ ಹೋಗಬೇಕು.

ಮಜೀದ್ ಕೈಯಲ್ಲಿದ್ದ ಪೆಟ್ಟಿಗೆ ನೋಡಿದ. ಊರುಗೋಲು ನೋಡಿದ. ಎರಡೂ ಹಿಡಿಯಲು ಕೈ ಸಾಲದು. ಪೆಟ್ಟಿಗೆಯನ್ನು ಹೆಂಡತಿಯ ಕೈಗೆ ತುರುಕಿದ.

"ಎಡಗಡೇದು ಆಕ್ಸಿಲರೇಟ್ರು. ನಿಧಾನ ಒತ್ತು. ಗುದ್ದಿಸಿಬಿಟ್ಟೀಯ!"

"ಗೊತ್ತು ಸುಮ್ನಿರಿ."

ಸ್ಟೇಷನ್ ಕಡೆಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಹೊತ್ತು ಅವನ ಕೂಗು ಕೇಳಿಸುತ್ತಿತ್ತು. "ಎಡಕ್ಕೆ ತಗೋ, ಎಡಕ್ಕೆ, ಹಳ್ಳ ಐತೆ ಕಣೇ." ಆಮೇಲೆ ಅದೂ ದೂರವಾಯಿತು. ಗೇಟಿನ ಹೊರಗೆ, ಮುಂಜಾನೆಯ ತಂಪಿನ ಧೂಳಿನಲ್ಲಿ, ಪುಟ್ಟ ಹಲ್ಲುಗಳ ಎರಡು ಸಾಲು ಹೋಗಿತ್ತು. ಅದರ ಹಿಂದೆ ಖತೀಜಾಬಿಯ ಹೆಜ್ಜೆಗಳು, ಪಕ್ಕಕ್ಕೆ ಒಂದೇ ಪಾದದ ಗುರುತು, ಅದರ ಎರಡೂ ಬದಿಗೆ ಅದೇ ಹಲ್ಲಿನ ದುಂಡನೆಯ ಅಚ್ಚುಗಳು.