ಮೊಬೈಲಿನಲ್ಲಿ ಸಿಕ್ಕಿಬಿದ್ದ ಮಾತು

ಭುವನೇಶ್ವರಿ ಹಿತ್ತಲಲ್ಲಿ ಬಟ್ಟೆ ಒಗೆದು ಒಳಗೆ ಬರುವಷ್ಟರಲ್ಲಿ ಗಂಡ ಗುರುಪಾದ ಎರಡು ಸಲ ಫೋನು ಮಾಡಿಬಿಟ್ಟಿದ್ದ. ಹೊಲಿಗೆ ಯಂತ್ರದ ಮೇಲಿದ್ದ ಮೊಬೈಲನ್ನು ಹಸಿ ಕೈಯಲ್ಲೇ ಎತ್ತಿಕೊಂಡು ತಿರುಗಿ ಹಚ್ಚಿದಳು. ಸ್ವಿಚ್ ಆಫ್ ಅಂತ ಬಂತು. ಮತ್ತೆ ಹಚ್ಚಿದಳು. ಅದೇ ಹೆಣ್ಣುದನಿ, ಅದೇ ಮಾತು.

ಗುರುಪಾದ ಮುಂಜಾನೆ ಚಹಾ ಕುಡಿದು ಹೊಳೆಗೆ ಹೋಗಿದ್ದ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ದಂಡೆಯ ಮೋಟಾರು ತೆಗೆದುಕೊಳ್ಳಿರಿ ಅಂತ ಹಿಂದಿನ ದಿನ ಆಟೋದಲ್ಲಿ ಮೈಕು ಕಟ್ಟಿಕೊಂಡು ಮಣ್ಣೂರಿನ ಓಣಿ ಓಣಿಗೆ ಸಾರಿದ್ದರು. ಭೀಮೆಯ ದಂಡೆಯವರಿಗೆ ಅದೇನು ಹೊಸದಲ್ಲ. ಮೋಟಾರು ಬಿಚ್ಚಿ, ಹಗ್ಗ ಹಾಕಿ ಮೇಲೆ ಎಳೆದು ಬಂದರೆ ಆಯಿತು. ಆದರೆ ಈ ಸಲ ಹೊಳೆ ಯಾರೂ ಅಂದುಕೊಳ್ಳದಷ್ಟು ಜಲ್ದಿ ಏರಿತ್ತು. ಬಾಗಿಲಲ್ಲಿ ನಿಂತರೂ ಅದರ ಭೋರೆಂಬ ಸದ್ದು ಕೇಳುತ್ತಿತ್ತು.

ವಾಟ್ಸಾಪು ತೆರೆದಳು. ಗುರುಪಾದನ ಹೆಸರಲ್ಲಿ ಒಂದು ವಾಯ್ಸ್ ಮೆಸೇಜು ಬಂದು ಕೂತಿತ್ತು. ಅದರ ಪಕ್ಕ ಕೆಳಮುಖದ ಬಾಣ. ಒತ್ತಿದಳು. ಬಾಣ ಗಿರಗಿರ ತಿರುಗಿ ಮತ್ತೆ ಬಾಣವೇ ಆಗಿ ನಿಂತಿತು. ಸ್ಟೋರೇಜ್ ಫುಲ್, ಜಾಗ ಖಾಲಿ ಮಾಡಿರಿ ಎಂದು ಒಂದು ಡಬ್ಬಿ ಮೂಡಿತು.

ಈ ಡಬ್ಬಿ ಆಕೆಗೆ ಗೊತ್ತಿದ್ದದ್ದೇ. ಎಷ್ಟೋ ದಿನದಿಂದ ಬರುತ್ತಿತ್ತು, ಬಂದಾಗೊಮ್ಮೆ ಬೆರಳಿನಿಂದ ಸರಿಸಿ ಕೆಲಸ ನೋಡಿಕೊಳ್ಳುತ್ತಿದ್ದಳು. ಬ್ಲೌಸು ಹೊಲಿಸುವವರು ಕಳಿಸಿದ ಕುತ್ತಿಗೆ ಡಿಸೈನು, ತೋಳಿನ ಡಿಸೈನು, ಕಸೂತಿ ಕಲಿಸುವ ವೀಡಿಯೋ, ಬೀಗರ ಗ್ರೂಪಿನ ಶುಭೋದಯದ ಹೂವು, ಮಗಳು ಸೀಮಾ ಹುಟ್ಟಿದಾಗಿನಿಂದ ಆಳಂದದ ಹಾಸ್ಟೆಲ್ಲಿಗೆ ಹೋದ ದಿನದವರೆಗಿನ ಫೋಟೋ. ಯಾವುದನ್ನೂ ತೆಗೆದವಳಲ್ಲ. ಇವತ್ತು ಅವೆಲ್ಲ ಗಂಡನ ಮಾತಿಗೆ ಅಡ್ಡ ನಿಂತಿದ್ದವು.

ಅತ್ತೆ ಗೌರಾಬಾಯಿ ಹೊರಗಿನಿಂದ ಬಂದು ಹೊಸ್ತಿಲಲ್ಲೇ ಕುಸಿದು ಕೂತರು. "ನಮ್ಮ ಹೊಲದ ಕಡೀಗೆ ನೀರು ಬಂದದಂತ ಬೇ. ಮೋಟಾರ ದಂಡಿ ಮ್ಯಾಲ ಅದ, ಗುರುಪಾದ ಇಲ್ಲ. ಅಂಬಿಗರ ಖಂಡಪ್ಪ ದೋಣಿ ತಗೊಂಡು ಅಲ್ಲೇ ಹುಡುಕಾಕತ್ತಾನ."

"ಇಲ್ಲ ಅಂದ್ರ?"

"ಇಲ್ಲ ಅಂದ್ರ ಇಲ್ಲ. ಚಪ್ಪಲಿ ಸಿಕ್ಕಾವಂತ."

ಭುವನೇಶ್ವರಿ ಮೊಬೈಲು ಹಿಡಿದುಕೊಂಡೇ ಎದುರು ಮನೆಯ ಫರಹೀನಳ ಬಾಗಿಲಿಗೆ ಓಡಿದಳು. ಫರಹೀನ ಮಹಿಳಾ ಸಂಘದ ಗೆಳತಿ, ವಾರಿಗೆಯವಳು. ಇಂಗ್ಲಿಷು ಓದಲು ಬರುತ್ತಿತ್ತು; ಆದರೆ ಮೊಬೈಲಿನ ವಿಷಯ ಭುವನೇಶ್ವರಿಗೆ ಗೊತ್ತಿದ್ದಷ್ಟೇ ಆಕೆಗೂ ಗೊತ್ತು.

"ಫರಹೀನ, ಇವರು ಏನೋ ಹೇಳ್ಯಾರ. ಅದು ಇಳೀವಲ್ದು. ಫೋನ ಹಚ್ಚಿದ್ರ ಬಂದ್ ಅದ."

ಫರಹೀನ ಹಿಟ್ಟಿನ ಕೈ ಒರೆಸಿಕೊಂಡು ಮೊಬೈಲು ತೆಗೆದುಕೊಂಡಳು. ತಾನೂ ಬಾಣ ಒತ್ತಿ ನೋಡಿದಳು. ಆಮೇಲೆ ಸೆಟಿಂಗಿಗೆ ಹೋಗಿ ಯಾವುದು ಎಷ್ಟು ಜಾಗ ತಿಂದಿದೆ ಅಂತ ನೋಡಿದಳು.

"ವಾಟ್ಸಾಪೇ ಭಾಳ ತಿಂದದ ನೋಡಕ್ಕ. ಇಲ್ಲಿ ಕ್ಲಿಯರ್ ಡೇಟಾ ಅಂತ ಅದ. ಇದನ್ನ ಒತ್ತಿದ್ರ ಒಮ್ಮೆಲೇ ಖಾಲಿ ಆಗ್ತದ."

ಒತ್ತಿಯೇಬಿಟ್ಟಳು. ತೆರೆಯ ಮೇಲೆ ಒಂದು ಪ್ರಶ್ನೆ ಬಂತು. ಕೆಳಗೆ ಎರಡು ಗುಂಡಿ. ಫರಹೀನಳ ಹೆಬ್ಬೆರಳು ಒಂದರ ಮೇಲೆ ಇಳಿಯುತ್ತಿತ್ತು.

"ತಡಿ," ಅಂದಳು ಭುವನೇಶ್ವರಿ. "ಏನ ಕೇಳಾಕತ್ತದ ಅದು? ಓದು."

ಫರಹೀನ ತುಟಿ ಅಲುಗಿಸುತ್ತ ಓದಿದಳು. ಓದುತ್ತ ಓದುತ್ತ ಆಕೆಯ ಮುಖ ಸಪ್ಪಗಾಯಿತು. "ಎಲ್ಲಾ ಹೋಗ್ತದಂತ. ಮೆಸೇಜು, ಅಕೌಂಟು, ಎಲ್ಲಾ. ತಿರುಗಿ ಬರಂಗಿಲ್ಲಂತ."

"ಇವರ ಮಾತೂ?"

"ಅದೂ."

ಭುವನೇಶ್ವರಿ ಮೊಬೈಲನ್ನು ಕಸಿದುಕೊಂಡು ಎದೆಗೆ ಒತ್ತಿಕೊಂಡಳು. ಗಂಡ ಎಲ್ಲಿದ್ದಾನೆ ಅನ್ನುವುದು ಈ ಗಾಜಿನ ಒಳಗಿತ್ತು. ಒಂದು ಬೆರಳು ತಪ್ಪಿದ್ದರೆ ಅದೂ ಹೋಗುತ್ತಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತಳು.

"ಮಾಫ್ ಮಾಡಕ್ಕ," ಅಂದಳು ಫರಹೀನ ಸಣ್ಣ ದನಿಯಲ್ಲಿ. "ನಂಗ ಗೊತ್ತಿದ್ದಿಲ್ಲ."

"ನಂಗೂ ಗೊತ್ತಿದ್ದಿಲ್ಲಲ್ಲ. ಈಗ ವಾಟ್ಸಾಪ ಮುಟ್ಟೋದು ಬ್ಯಾಡ. ಫೋಟೋ ತಗಿಯೋಣ."

ಗ್ಯಾಲರಿ ತೆರೆದರು. ಮೊದಲು ಬ್ಲೌಸಿನ ಡಿಸೈನು ಒಂದೊಂದೇ ಆರಿಸತೊಡಗಿದರು. ಮೊಬೈಲು ಬಿಸಿಯಾಗಿತ್ತು, ಒತ್ತಿದ್ದಕ್ಕೆ ಎಷ್ಟೋ ಹೊತ್ತಿಗೆ ಓಗೊಡುತ್ತಿತ್ತು. ನಡುವೆ ಸೀಮಾಳ ಮುಖ ಬಂದಾಗ ಭುವನೇಶ್ವರಿಯ ಬೆರಳು ನಿಂತುಬಿಡುತ್ತಿತ್ತು. ಮಗಳು ಮೊದಲ ಸಲ ಗೋಡೆ ಹಿಡಿದು ನಡೆದ ವೀಡಿಯೋ ಇತ್ತು. ಇನ್ನಷ್ಟು ಹಿಂದಕ್ಕೆ ಹೋದರೆ ತೀರಿಹೋದ ಅವ್ವ ತವರಿನ ಮಾಳಿಗೆಯ ಕುಂಬಿಯ ಮೇಲೆ ಕೂತು ಶೇಂಗಾ ಸುಲಿಯುತ್ತ ಯಾರಿಗೋ ಬೈಯುತ್ತಿದ್ದ ವೀಡಿಯೋ. ಅವ್ವನ ದನಿ ಬೇರೆಲ್ಲೂ ಇರಲಿಲ್ಲ.

ಹೊಳೆಯ ಕಡೆಯಿಂದ ಯಾರೋ ಕೂಗಿದ್ದು ಕೇಳಿಸಿತು. ಮತ್ತೊಬ್ಬರು ಕೂಗಿದರು. ಹೆಣ ಸಿಕ್ಕಾಗ ಹೀಗೇ ಕೂಗುತ್ತಾರೆ ಅನ್ನಿಸಿತು ಭುವನೇಶ್ವರಿಗೆ.

"ಹಿಂಗ ಆರಿಸಿಕೋತ ಕುಂತ್ರ ಆಗಂಗಿಲ್ಲ. ಎಲ್ಲಾ ಹಿಡಿ," ಅಂದಳು.

"ಎಲ್ಲಾ ಅಂದ್ರ? ಸೀಮಾಂದೂ?"

"ಎಲ್ಲಾ ಅಂದೆ."

ಫರಹೀನ ಎಲ್ಲವನ್ನೂ ಆರಿಸಿ ಅಳಿಸಿದಳು. ಮೊಬೈಲು ಬಹಳ ಹೊತ್ತು ಯೋಚಿಸಿ ಕಡೆಗೆ ಬಿಳಿ ತೆರೆ ತೋರಿಸಿತು. ಭುವನೇಶ್ವರಿ ವಾಟ್ಸಾಪಿಗೆ ಹೋಗಿ ಬಾಣ ಒತ್ತಿದಳು. ಬಾಣ ತಿರುಗಿತು. ತಿರುಗಿ ನಿಂತಿತು. ಸ್ಟೋರೇಜ್ ಫುಲ್.

ಆಗ ಮಾತ್ರ ಆಕೆಗೆ ಅಳು ಬಂತು. ಎಲ್ಲವನ್ನೂ ಕಳೆದುಕೊಂಡೂ ಜಾಗ ಆಗಿರಲಿಲ್ಲ. ಎದುರಿನ ಹೊಸ್ತಿಲಲ್ಲಿ ಗೌರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇವರನ್ನೇ ನೋಡುತ್ತಿದ್ದರು.

ಫರಹೀನ ಗ್ಯಾಲರಿಯನ್ನು ಮೇಲೆ ಕೆಳಗೆ ತಡಕಾಡಿದಳು. ಒಂದು ಮೂಲೆಯಲ್ಲಿ ಕಸದ ಡಬ್ಬಿಯ ಚಿತ್ರ ಸಿಕ್ಕಿತು. ಮುಟ್ಟಿದರೆ ಅಳಿಸಿದ ಅಷ್ಟೂ ಫೋಟೋ ಅಲ್ಲೇ ಕೂತಿದ್ದವು.

"ಅಕ್ಕ, ಇವು ಹೋಗೇ ಇಲ್ಲ. ಇಲ್ಲಿ ಅವ. ಕಸದಾಗ ಹಾಕೇವಿ, ಕಸ ಚೆಲ್ಲಿಲ್ಲ ನಾವು. ಅದಕ್ಕ ಜಾಗ ಬಿಟ್ಟಿಲ್ಲ." ಕೆಳಗಿನ ಗುಂಡಿಯ ಅಕ್ಷರ ಓದಿ ಅಂದಳು, "ಇಲ್ಲಿಂದ ತಗದ್ರ ಮತ್ತ ಸಿಗಂಗಿಲ್ಲ."

ಇನ್ನೂ ಅವನ್ನು ಉಳಿಸಿಕೊಳ್ಳಬಹುದಿತ್ತು. ಭುವನೇಶ್ವರಿ ಆ ಸಾಲಿನಲ್ಲಿ ಅವ್ವನ ಮುಖ ಹುಡುಕಲಿಲ್ಲ. ಹುಡುಕಿದರೆ ಬೆರಳು ಏಳುವುದಿಲ್ಲ ಅಂತ ಗೊತ್ತಿತ್ತು. ಪಕ್ಕಕ್ಕೆ ನೋಡುತ್ತ ತಾನೇ ಗುಂಡಿ ಒತ್ತಿದಳು.

ಈ ಸಲ ಬಾಣ ತಿರುಗುತ್ತ ಹೋಗಿ ಮಾಯವಾಯಿತು. ಗುರುಪಾದನ ದನಿ ಬಂತು. ಹಿಂದೆ ನೀರಿನ ಸದ್ದು ಎಷ್ಟಿತ್ತೆಂದರೆ ಇಬ್ಬರೂ ಮೊಬೈಲಿಗೆ ಕಿವಿ ಹಚ್ಚಬೇಕಾಯಿತು.

"ಭುವನಾ, ಫೋನ ಎತ್ತವಲ್ಲಿ. ಚಾರ್ಜ್ ಮುಗೀಲಿಕ್ಕ ಬಂದದ. ನಮ್ಮ ಮೋಟಾರ ತಗದು ಸೈದಪ್ಪ ಕಾಕಾನ ಮೋಟಾರ ನೋಡಾಕ ಕೆಳಗ ಬಂದಿದ್ದೆ. ನೀರು ಸುತ್ತುವರದದ. ಹಳೇ ಜಾಕ್‌ವೆಲ್ಲಿನ ಮ್ಯಾಲ ಏರಿ ಕುಂತೇನಿ. ಗ್ವಾಡಿ ಬಿರುಕು ಬಿಟ್ಟದ. ಖಂಡಪ್ಪಗ ಜಲ್ದಿ ಹೇಳು. ಬಂಡಿ ದಾರಿಯಿಂದ ಬರಬ್ಯಾಡ ಅನ್ನು, ಅಲ್ಲಿ ಸೆಳವು ಭಾಳ ಅದ. ಕಬ್ಬಿನ ಹೊಲದ ಕಡಿಂದ ಬರ್ಲಿ."

ಜಾಕ್‌ವೆಲ್ಲು ಅಂದರೆ ಹೊಳೆಯ ನೀರೆತ್ತಲು ಹಿಂದೆ ಯಾವಾಗಲೋ ಕಟ್ಟಿ ಬಿಟ್ಟ ಬಾವಿಯಂಥ ಗೋಪುರ. ಅದು ಊರಿನಿಂದ ಕೆಳಗೆ, ಹೊಳೆ ಹರಿದುಹೋಗುವ ಕಡೆ. ಖಂಡಪ್ಪ ಹುಡುಕುತ್ತಿದ್ದದ್ದು ಊರಿನಿಂದ ಮೇಲೆ, ಗುರುಪಾದನ ಹೊಲದ ಕಡೆ.

ಭುವನೇಶ್ವರಿ ಬರಿಗಾಲಲ್ಲಿ ಕೆಸರು ತುಳಿಯುತ್ತ ಓಡಿದಳು. ಫರಹೀನ ಹಿಂದೆ. ಖಂಡಪ್ಪ ಆಗಷ್ಟೇ ದೋಣಿಯನ್ನು ದಂಡೆಗೆ ಎಳೆದು ಬೀಡಿ ಹಚ್ಚಿಕೊಂಡು ತಲೆ ಕೆಳಗೆ ಹಾಕಿ ನಿಂತಿದ್ದ. ಮಾತಾಡಲು ಉಸಿರಿಲ್ಲದೆ ಆಕೆ ಮೊಬೈಲನ್ನೇ ಅವನ ಕಿವಿಗೆ ಹಿಡಿದಳು. ಪೂರ್ತಿ ಕೇಳುವ ಮೊದಲೇ ಅವನು ಬೀಡಿ ಬಿಸಾಕಿದ.

ದಂಡೆಯಲ್ಲಿ ನೆರೆದವರು ದೋಣಿಯನ್ನು ಒಬ್ಬರ ಟ್ರಾಕ್ಟರಿಗೆ ಹಾಕಿದರು; ಎಲ್ಲರೂ ಕಬ್ಬಿನ ಹೊಲಕ್ಕೆ ಹೋದರು. ಹೆಂಗಸರಿಬ್ಬರೂ ಸೊಂಟದುದ್ದ ನೀರು ನಿಂತ ಬದುವಿನ ಈಚೆಗೇ ನಿಲ್ಲಬೇಕಾಯಿತು. ಕಬ್ಬಿನ ಮರೆಯಲ್ಲಿ ದೋಣಿ ಕಾಣದಾಯಿತು. ಆಮೇಲೆ ಏನೂ ಕಾಣಲಿಲ್ಲ, ಹೊಳೆಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಭುವನೇಶ್ವರಿ ಫರಹೀನಳ ಮಣಿಕಟ್ಟು ಹಿಡಿದಿದ್ದಳು. ಬಳೆ ಒತ್ತಿ ಚರ್ಮ ಕೆಂಪಾದರೂ ಫರಹೀನ ಕೈ ಬಿಡಿಸಿಕೊಳ್ಳಲಿಲ್ಲ. ಒಮ್ಮೆ ಗೋಡೆ ಕುಸಿದಂಥ ದೊಡ್ಡ ಸದ್ದಾಯಿತು. ಭುವನೇಶ್ವರಿ ಕಣ್ಣು ಮುಚ್ಚಿದಳು.

ಕಣ್ಣು ತೆರೆಸಿದ್ದು ಫರಹೀನಳೇ. ದೋಣಿ ಕಬ್ಬಿನ ಸಂದಿಯಿಂದ ಮೂತಿ ತೋರಿಸಿತ್ತು. ಖಂಡಪ್ಪನ ಕಾಲ ಬಳಿ ಒಬ್ಬ ಮೊಣಕಾಲು ತಬ್ಬಿಕೊಂಡು ಕೂತಿದ್ದ. ದಂಡೆಗೆ ಬಂದಾಗ ಅವನಿಗೆ ಎದ್ದು ನಿಲ್ಲಲು ಆಗಲಿಲ್ಲ.

"ಇವನನ್ನ ದೋಣ್ಯಾಗ ಇಳಿಸಿಕೊಂಡು ತಿರುಗಿ ಬರಾಕತ್ತಿದ್ವಿ, ಹಿಂದ ಅರ್ಧ ಗ್ವಾಡಿ ಬಿತ್ತು," ಅಂದ ಖಂಡಪ್ಪ. ಅಷ್ಟೇ ಹೇಳಿ ಹುಟ್ಟು ಕೆಳಗಿಟ್ಟ.

ಮನೆಯಲ್ಲಿ ಗುರುಪಾದ ಕಂಬಳಿ ಹೊದ್ದು ನಡುಗುತ್ತ ಚಹಾ ಕುಡಿದ. ತುಟಿ ಇನ್ನೂ ನೀಲಿಯಾಗಿತ್ತು. ಮೊಬೈಲಿನ ಕಥೆಯನ್ನು ಫರಹೀನ ಹೇಳುತ್ತಿದ್ದರೆ ಅವನು ಹೆಂಡತಿಯನ್ನೇ ನೋಡುತ್ತಿದ್ದ.

"ನೀ ಆಗಲೇ ಕೇಳೀದಿ ಅಂತ ತಿಳಕೊಂಡಿದ್ದೆ," ಅಂದ. "ಕೇಳಿ ಹೇಳ್ಯಾಳ, ಬರಾಕತ್ತಾರ ಅಂತ ಕುಂತೆ. ಭಾಳ ಹೊತ್ತ ಆತು. ಆಮ್ಯಾಲ, ಕೇಳಿನೂ ಯಾರೂ ಬರವಲ್ರಲ್ಲ ಅನ್ನಿಸ್ತು."

ಬಿರುಕು ಬಿಟ್ಟ ಗೋಡೆಯ ಮೇಲೆ ಅವನು ಹಾಗೆ ಯೋಚಿಸುತ್ತ ಕೂತದ್ದು ಭುವನೇಶ್ವರಿಯ ಕಣ್ಣಿಗೆ ಕಟ್ಟಿತು. ಗೌರಾಬಾಯಿ ಒಳಗಿನಿಂದ ಊಟಕ್ಕೆ ಕರೆದರು. ಭುವನೇಶ್ವರಿ ಕಂಬಳಿಯೊಳಗಿನ ಅವನ ತಣ್ಣನೆಯ ಕೈ ಹಿಡಿದವಳು ಬಿಡದೆ ಅಲ್ಲೇ ಕೂತಿದ್ದಳು.